ಮನೆಯವರೆಲ್ಲರ ಒಪ್ಪಿಗೆ

ಚೀಟಿಯನ್ನು ನಾಲ್ಕಾಗಿ ಮಡಿಸಿ ಡಬ್ಬಿಯೊಳಗೆ ತಳ್ಳುವಾಗ ಕನ್ನಡಕದಂಗಡಿಯವನ ಕೈ ನಡುಗಲಿಲ್ಲ. ದಿನವಿಡೀ ಸಾಸಿವೆಯಷ್ಟು ಸ್ಕ್ರೂಗಳನ್ನು ಬಿಗಿಯುವ ಕೈ ಅದು. ‘ಆಕ್ಷೇಪಣೆ ಇದೆ’ ಎಂಬಲ್ಲಿ ಗುರುತು ಹಾಕಿದ್ದ. ಕಾರಣ ಕೇಳಿದ್ದ ಜಾಗದಲ್ಲಿ ಒಂದೇ ಸಾಲು ಬರೆದಿದ್ದ: ‘ಅಕ್ಕಪಕ್ಕದ ಮಕ್ಕಳಿಗೆ ಅಪಾಯ.’ ಅದೂ ಅಕ್ಷರದ ಗುರುತು ಸಿಗದಂತೆ ಎಡಗೈಯಲ್ಲಿ.

ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು, ಮೇಲೆ ಕೂತ ದೇವರಿಗೂ ಗೊತ್ತಿತ್ತು. ಬೀದಿಯ ಮಕ್ಕಳು ಕಿವಿ ಹಿಡಿದು ಜಗ್ಗಿದರೆ ಆಕಳಿಸುವ ನಾಯಿ ಅದು.

ನಗರಸಭೆ ಆಫೀಸಿನ ಮೂಲೆಯಲ್ಲಿದ್ದ ಮರೆಯಿಂದ ಹೊರಬಂದು ಪೆನ್ನನ್ನು ಹೆಂಡತಿಯ ಕೈಗಿತ್ತ. ಅವಳು ಒಳಗೆ ಹೋದಳು.

ಹೊಸ ಕಾನೂನು ಬಂದು ತಿಂಗಳಾಗಿತ್ತು. ಅಪಾಯಕಾರಿ ಎಂದು ಪಟ್ಟಿ ಮಾಡಿದ ತಳಿಗಳನ್ನು ಇನ್ನು ಯಾರೂ ಹೊಸದಾಗಿ ಸಾಕುವಂತಿಲ್ಲ. ಈಗಾಗಲೇ ಇರುವವಕ್ಕೆ ಪರವಾನಗಿ ಬೇಕು. ಅದಕ್ಕೆ ಬಾಯಿಕುಕ್ಕೆ, ಆಳೆತ್ತರದ ಗೋಡೆ, ಎಲ್ಲಕ್ಕಿಂತ ಮಿಗಿಲಾಗಿ ಮನೆಯ ವಯಸ್ಕರೆಲ್ಲರ ಒಪ್ಪಿಗೆ. ಯಾರೂ ಯಾರ ಮುಲಾಜಿಗೂ ಬೀಳಬಾರದೆಂದು ಒಬ್ಬೊಬ್ಬರೇ ಮರೆಯಲ್ಲಿ ಕೂತು, ಹೆಸರಿಲ್ಲದೆ ಬರೆಯಬೇಕು. ಒಬ್ಬರು ಬೇಡವೆಂದರೂ ಸಾಕು, ನಾಯಿ ಆಫೀಸಿನ ಹಿಂದಿನ ಬೋನಿಗೆ. ಹತ್ತು ದಿನ ಕಳೆದರೆ ಸಾವಿನ ಸೂಜಿ.

ನಾಯಿಯ ಹೆಸರು ದೊರೆ. ಹೆಸರಿಟ್ಟವನು ಅವಳ ಮೊದಲ ಗಂಡ, ಲಾರಿ ಓಡಿಸುತ್ತಿದ್ದವನು, ತೀರಿಕೊಂಡು ನಾಲ್ಕು ವರ್ಷ. ಎರಡು ವರ್ಷದ ಹಿಂದೆ ಅವಳು ಈ ಮನೆಗೆ ಬಂದಾಗ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ನಾಯಿಯ ಹಗ್ಗ.

“ಇದೂ ನನ್ನ ಜೊತೆ ಬಂದಿದೆ. ಪರವಾಗಿಲ್ವಾ?” ಎಂದು ಕೇಳಿದ್ದಳು.

“ನಾಯಿ ಅಂದ್ರೆ ನಂಗೆ ಪ್ರಾಣ,” ಎಂದುಬಿಟ್ಟಿದ್ದ. ಹೊಸ ಮದುಮಗನ ಬಾಯಿ, ಏನು ಬೇಕಾದರೂ ಅನ್ನುತ್ತದೆ.

ಅಂದಿನಿಂದ ಅವನ ಹೊಟ್ಟೆಯಲ್ಲಿ ಕೆಂಡ. ಸತ್ತವನ ಫೋಟೋ ಗೋಡೆಯ ಮೇಲಿದ್ದಿದ್ದರೆ ಬೆನ್ನು ತಿರುಗಿಸಿ ಕೂರಬಹುದಿತ್ತು. ಈ ಫೋಟೋ ನಾಲ್ಕು ಕಾಲಿನದು, ಮನೆಯೆಲ್ಲ ಓಡಾಡುತ್ತಿತ್ತು. ಅವಳು ಆಸ್ಪತ್ರೆಯಲ್ಲಿ ನರ್ಸು. ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುವ ಮಾತು, “ದೊರೆ ತಿಂತಾ?” ಗಂಡ ಉಂಡನೇ ಎಂಬುದು ಎರಡನೆಯ ಪ್ರಶ್ನೆ. ಕೆಲವೊಮ್ಮೆ ಅದೂ ಇಲ್ಲ.

ಅವನು ಹಟಕ್ಕೆ ಬಿದ್ದ. ಸತ್ತವನ ನಾಯಿಯನ್ನು ತನ್ನದಾಗಿಸಿಕೊಂಡರೆ ಸತ್ತವನು ಪೂರ್ತಿ ಸತ್ತಂತೆ, ಎಂಬ ಲೆಕ್ಕ. ಬೆಳಿಗ್ಗೆ ತಾನೇ ಅಡ್ಡಾಡಿಸಿದ. ಸಂಜೆ ಅಂಗಳದಲ್ಲಿ ಕೂತು ಬಾಚಣಿಗೆ ಹಿಡಿದು ಅದರ ಮೈ ಬಾಚಿದ. ಆಗೆಲ್ಲ ಅವಳು ಅಡುಗೆಮನೆಯ ಬಾಗಿಲಲ್ಲಿ ತುಟಿ ಬಿಗಿದು ನಿಲ್ಲುತ್ತಿದ್ದಳು. ನೋಡು, ಬೇರೆಯವರು ಮುಟ್ಟಿದರೆ ಹೇಗೆ ಉರಿಯುತ್ತದೆ ಇವಳಿಗೆ, ಎಂದುಕೊಂಡು ಇನ್ನೂ ನಾಲ್ಕು ಸಲ ಹೆಚ್ಚಾಗಿ ಬಾಚುತ್ತಿದ್ದ. ಮದುವೆಯಾಗಿ ವರ್ಷ ತುಂಬಿದ ದಿನ ಹಳೆಯ ಹಗ್ಗ ಬಿಸಾಡಿ, ನಾಯಿಗೆ ಹಿತ್ತಾಳೆಯ ಕೊಂಡಿಯ ಹೊಸ ಕೊರಳಪಟ್ಟಿ ತಂದ. ಅವಳು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಚೆನ್ನಾಗಿದೆ, ಇವತ್ತೇ ತಂದ್ರಲ್ಲ,” ಎಂದಳು. ಆ ಸಂಜೆ ಪಾತ್ರೆಗಳ ಸದ್ದು ಜೋರಾಗಿತ್ತು. ಹಳೆಯ ಗಂಡನ ಹಗ್ಗ ಹೋಯಿತೆಂಬ ಸಂಕಟ, ಇನ್ನೇನು, ಎಂದು ಅವನು ನಿಟ್ಟುಸಿರಿಟ್ಟ.

ಎರಡು ವರ್ಷದಲ್ಲಿ ದೊರೆ ಸೋತಿತು, ಅವನ ಕಾಲ ಬಳಿಯೇ ಮಲಗಹತ್ತಿತು. ಅವಳು ಮಾತ್ರ ದೂರವೇ ಉಳಿದಳು. ಆಗ ಈ ಕಾನೂನು ಬಂತು, ದೇವರೇ ಕಳಿಸಿದಂತೆ. ದೇವರು ಇಂಥದ್ದನ್ನೆಲ್ಲ ಕಳಿಸುತ್ತಾನೆಯೇ, ಇಬ್ಬರೇ ಇರುವ ಮನೆಯಲ್ಲಿ ಹೆಸರಿಲ್ಲದ ಚೀಟಿ ಎಷ್ಟು ಹೊತ್ತು ಗುಟ್ಟಾಗಿರುತ್ತದೆ ಎಂದು ಕೇಳಿಕೊಳ್ಳುವಷ್ಟು ತಾಳ್ಮೆ ಮತ್ಸರಕ್ಕೆಲ್ಲಿ?

ಅವಳು ಹೊರಬಂದು ಬೆಂಚಿನ ಮೇಲೆ ಕೂತಳು. ಇಬ್ಬರ ನಡುವೆ ಕುಕ್ಕೆ ಹಾಕಿಸಿಕೊಂಡ ದೊರೆ.

“ಏನು ಬರೆದ್ರಿ ಅಂತ ಕೇಳಲ್ಲ.”

“ಕೇಳೋಕೇನಿದೆ? ನಿಂಗೆ ಗೊತ್ತಿಲ್ವಾ?”

“ಗೊತ್ತು,” ಎಂದಳು. ಪೆನ್ನಿಗೆ ಮುಚ್ಚಳ ಹಾಕುತ್ತಾ, “ಅಕಸ್ಮಾತ್ ಪರವಾನಗಿ ಸಿಗದೇ ಹೋದ್ರೆ... ತಡ್ಕೋತೀರಾ?”

“ನನ್ನ ಕಥೆ ಬಿಡು. ನಿಂದೇ ಯೋಚನೆ ನಂಗೆ.”

ಅವಳು ಅವನ ಮುಖವನ್ನೇ ನೋಡಿದಳು, ಏನೋ ಹೇಳಲು ಹೊರಟವಳಂತೆ. ಅಷ್ಟರಲ್ಲಿ ಒಳಗಿಂದ ಕರೆ ಬಂತು.

ಅಧಿಕಾರಿ ನಿಯಮವನ್ನೇ ಉಂಡು ನಿಯಮವನ್ನೇ ಹೊದ್ದು ಮಲಗುವಂಥ ಮನುಷ್ಯ. “ಯಾವ ಚೀಟಿ ಯಾರದ್ದು ಅಂತ ನಾನು ಕೇಳೋ ಹಾಗಿಲ್ಲ, ನೀವು ಹೇಳೋ ಹಾಗಿಲ್ಲ.”

“ಮನೇಲಿರೋದೇ ಇಬ್ಬರು, ಸಾರ್,” ಎಂದ ಕನ್ನಡಕದಂಗಡಿಯವನು.

“ಅದು ನಿಯಮಕ್ಕೆ ಸಂಬಂಧಪಟ್ಟಿದ್ದಲ್ಲ.” ಡಬ್ಬಿಗೆ ಕೈ ಹಾಕಿ ಒಂದು ಚೀಟಿ ಬಿಡಿಸಿದ. “ಆಕ್ಷೇಪಣೆ ಇದೆ.”

ಕನ್ನಡಕದಂಗಡಿಯವನು ಬೆಳಗಿನಿಂದ ಕನ್ನಡಿಯೆದುರು ಅಭ್ಯಾಸ ಮಾಡಿಟ್ಟುಕೊಂಡಿದ್ದ ದುಃಖದ ಮುಖವನ್ನು ತೊಟ್ಟ. ಹೆಂಡತಿಯ ಭುಜ ಹಿಡಿಯಲು ಕೈಯೂ ಸಿದ್ಧವಾಯಿತು. ಅವಳು ತಲೆ ತಗ್ಗಿಸಿ ನಿಂತಿದ್ದಳು.

“ಒಂದು ಬಂದ ಮೇಲೆ ಇನ್ನೊಂದನ್ನ ಬಿಡಿಸೋ ಹಾಗಿಲ್ಲ.” ಅಧಿಕಾರಿ ಉಳಿದ ಚೀಟಿಯನ್ನು ಮಡಿಕೆಯ ಸಮೇತ ಹರಿದು ಬುಟ್ಟಿಗೆ ಹಾಕಿದ. “ಕಾರಣ ಮಾತ್ರ ಓದಲೇಬೇಕು. ಕೇಳಿಸ್ಕೊಳ್ಳಿ.”

ಕನ್ನಡಕದಂಗಡಿಯವನು ಮಕ್ಕಳ ಮಾತಿಗೆ ಕಾದ. ಅಧಿಕಾರಿ ಗಂಟಲು ಸರಿಮಾಡಿಕೊಂಡು ಓದಿದ:

“‘ನಾಯಿಯದೇನೂ ತಪ್ಪಿಲ್ಲ. ಅದನ್ನು ನೋಡುವ ಹಾಗೆ ನನ್ನ ಗಂಡ ಒಂದು ದಿನವಾದರೂ ನನ್ನನ್ನು ನೋಡಲಿ ಅಂತ, ಅಷ್ಟೇ.’”