ಗೊಮಾರನ ಮಡಿಲಲ್ಲಿ ಸತ್ತವನು

ಬ್ರೂಜ್ ಊರಿನ ಕಾಲುವೆಗಳಲ್ಲಿ ಮುಳುಗುತ್ತಿದ್ದ ಮುನ್ನೂರ ಹನ್ನೆರಡು ಮಂದಿಯನ್ನು ಪ್ರವಾಸಿಗರ ದೋಣಿ ನಡೆಸುವ ಗೊಮಾರ್ ಒಂದೇ ಕೈಯಲ್ಲಿ ಎಳೆದು ದಡಕ್ಕೆ ಹಾಕಿದ್ದಾನೆ. ಇನ್ನೊಂದು ಕೈಯಲ್ಲಿ ಬಿಯರ್ ಲೋಟ ಇರುತ್ತಿತ್ತು; ಒಂದು ತೊಟ್ಟೂ ಚೆಲ್ಲಿಲ್ಲ. ಅವರಲ್ಲಿ ಒಬ್ಬ ಬಿಷಪ್, ಮದುವೆಯ ಉಡುಪಿನಲ್ಲೇ ಬಿದ್ದ ಅವಳಿ ಅಕ್ಕತಂಗಿಯರು, ಮತ್ತೆ ಸಾರೋಟಿನ ಸಮೇತ ಒಂದು ಕುದುರೆ. ಕುದುರೆ ಈಗಲೂ ಹೊಸವರ್ಷಕ್ಕೆ ಕಾರ್ಡು ಕಳಿಸುತ್ತದೆ.

“ನಿನ್ನೆ ಮುನ್ನೂರ ಒಂಬತ್ತಿತ್ತಲ್ಲೋ,” ಎಂದಳು ದೋಣಿಕಟ್ಟೆಯ ಗೂಡಿನಲ್ಲಿ ಟಿಕೆಟ್ ಹರಿಯುವ ಗೋದೆಲೀವ್. “ಕನಸಲ್ಲಿ ಮೂರು ಜನ ಬಿದ್ರಾ?”

“ಹೊಟ್ಟೆಕಿಚ್ಚು ನಿಂಗೆ. ನಿನ್ನ ಗಂಡನ್ನೂ ಎತ್ತಿದೀನಿ, ಆ ಸಿಟ್ಟು ಇನ್ನೂ ಹೋಗಿಲ್ಲ!”

ಮೀನುಗಳು ದಾರಿ ತಪ್ಪಿ ಮೂರನೇ ಮಹಡಿಗೆ ಈಜಿ ಹೋಗುವಂಥ ಮಳೆ. ಆ ಮಧ್ಯಾಹ್ನ ದೋಣಿ ಹತ್ತಿದ್ದು ಅರವತ್ತರ ಆಸುಪಾಸಿನ ಹೆಂಗಸು ಒಬ್ಬಳೇ. ಗೊಮಾರ್ ಕೊಟ್ಟ ಛತ್ರಿಯನ್ನು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು, ತನ್ನ ಮುಂದಿನ ರೈಲಿಗೆ ಎರಡು ಗಂಟೆ ಇದೆ ಎಂದಳು. “ನಿಮ್ಮ ಮಡಿಲಲ್ಲಿ ಸತ್ತವನ ಕಥೆ ಹೇಳಿ. ಹೋದ ವರ್ಷ ನಮ್ಮ ಪಕ್ಕದ ಮನೆಯವಳು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದಿದ್ಲು.”

ತನ್ನ ಕೀರ್ತಿ ಅಷ್ಟು ದೂರ ಹೋಗಿದೆಯೆಂದು ಗೊಮಾರನ ಎದೆ ಉಬ್ಬಿತು. ಕಲ್ಲಿನ ಸೇತುವೆಯ ಕೆಳಗೆ ದೋಣಿಯ ವೇಗ ತಗ್ಗಿಸಿದ. “ಇಲ್ಲೇ ಮೇಡಂ, ಮೂರು ವರ್ಷದ ಹಿಂದೆ, ನವೆಂಬರ್‌ನಲ್ಲಿ. ಹಾರಿದೆ ನೋಡಿ, ಬಾಯಲ್ಲಿದ್ದ ಸಿಗರೇಟೂ ಆರಲಿಲ್ಲ! ಹಸಿರು ಕೋಟಿನವನು. ಎತ್ತಿ ಮಡಿಲಲ್ಲಿ ಮಲಗಿಸ್ಕೊಂಡೆ. ಕಣ್ಣು ಬಿಟ್ಟು, ‘ಅಕ್ಕಂಗೆ ಅಳಬೇಡ ಅಂತ ಹೇಳಿ’ ಅಂದ. ಅಷ್ಟೇ, ಹೋಗ್ಬಿಟ್ಟ.” ಈ ಜಾಗದಲ್ಲಿ ಅವನು ಕಣ್ಣೊರೆಸಿಕೊಳ್ಳುವುದು ವಾಡಿಕೆ. ಒರೆಸಿಕೊಂಡ.

“ಅವನ ಹೆಸರು ಟೂನ್. ಅಕ್ಕ ನಾನೇ,” ಎಂದಳು ಹೆಂಗಸು.

ಗೊಮಾರ್ ಬೆಚ್ಚಿದ. ಕಥೆಗೆಂದು ಅಕ್ಕನನ್ನು ಹುಟ್ಟಿಸಿದ್ದು ಅವನೇ. ಅವಳು ಹೀಗೆ ಟಿಕೆಟ್ ಕೊಂಡು ಎದುರಿಗೆ ಬಂದು ಕೂರುತ್ತಾಳೆಂದು ಅವನಿಗೆ ಹೇಗೆ ಗೊತ್ತು?

“ಟೂನ್‌ಗೆ ಹುಟ್ಟಿನಿಂದ ಕಿವಿ ಕೇಳ್ತಿರ್ಲಿಲ್ಲ. ಮಾತೂ ಬರ್ತಿರ್ಲಿಲ್ಲ. ಐವತ್ತು ವರ್ಷದಲ್ಲಿ ನನ್ನನ್ನ ಒಂದ್ಸಲಾನೂ ಬಾಯಿಬಿಟ್ಟು ಅಕ್ಕ ಅಂದೋನಲ್ಲ.”

ಗೊಮಾರ್ ಎಂಜಿನ್ ನಿಲ್ಲಿಸಿದ. “ಹಾಗಾದ್ರೆ ಅದು ಬೇರೆ ಯಾರೋ ಇರ್ಬೇಕು ಮೇಡಂ. ಮುನ್ನೂರು ಚಿಲ್ಲರೆ ಜನ ನೋಡಿ, ಒಬ್ಬೊಬ್ರು ಅದಲುಬದಲಾಗಿ…”

“ಕೋಟಿನ ಬಣ್ಣ ಪೇಪರಲ್ಲಿ ಬಂದಿರ್ಲಿಲ್ಲ. ರೈಲು ಬದಲಿಸೋಕೆ ಅವನಿಗೂ ಎರಡು ಗಂಟೆ ಸಿಕ್ಕಿತ್ತು. ಊರು ನೋಡೋಕೆ ಬಂದಿದ್ದ. ಕಾಲು ಜಾರಿ ಬಿದ್ದ, ಯಾರೂ ಕಂಡಿಲ್ಲ ಅಂತ ಪೊಲೀಸ್ನೋರು ಬರ್ಕೊಂಡ್ರು. ನೀವು ಕಂಡಿದೀರಿ. ನಾನು ಜಗಳಕ್ಕೆ ಬಂದಿಲ್ಲ. ಅವನ ಹತ್ರ ಯಾರಾದ್ರೂ ಇದ್ರಾ? ಅಷ್ಟು ಹೇಳಿ ಸಾಕು.”

ಗೊಮಾರ್ ಬಾಯಿ ತೆರೆದ. ಇಪ್ಪತ್ತೆರಡು ವರ್ಷ ಕರೆದಾಗೆಲ್ಲ ಓಡಿ ಬರುತ್ತಿದ್ದ ಸುಳ್ಳು ಈಗ ಬರಲಿಲ್ಲ.

“ಇದ್ರು,” ಎಂದ. “ಮೂವತ್ತು ಜನ ಇದ್ರು. ನಾನೂ ಇದ್ದೆ. ಜೋರು ಮಳೆ, ಎಲ್ರೂ ಛತ್ರಿ ಒಳಗೆ. ಈ ಸೇತುವೆ ಕೆಳಗೆ ನಾನೊಂದು ದೆವ್ವದ ಕಥೆ ಹೇಳ್ತೀನಿ. ಸತ್ತ ಸನ್ಯಾಸಿನಿ ನೀರೊಳಗಿಂದ ದೋಣಿ ಬಡೀತಾಳೆ ಅಂತ. ಹಿಮ್ಮಡೀಲಿ ನಾನೇ ಬಡಿಯೋದು. ಅವತ್ತು ನಾನು ಕಾಲು ಎತ್ತೋ ಮೊದ್ಲೇ ಸದ್ದು ಬಂತು. ಮೂರು ಸಲ. ಜನ ಕಿರುಚಿದ್ರು, ನಕ್ಕರು, ಚಪ್ಪಾಳೆ ತಟ್ಟಿದ್ರು. ನಾನು ಟೋಪಿ ತೆಗೆದು ಬಾಗಿದೆ. ಬಾಗಿದಾಗ ನೀರಲ್ಲಿ ಕೋಟು ಕಾಣಿಸ್ತು. ಕೈ ಇನ್ನೂ ಆಡ್ತಿತ್ತು. ನಂಗೆ ಈಜು ಬರಲ್ಲ ಮೇಡಂ.”

“ಆಮೇಲೆ?”

“ಟೋಪಿ ಹಾಕ್ಕೊಂಡು ಮುಂದಿನ ಸೇತುವೆ ಕಥೆ ಶುರು ಮಾಡ್ದೆ.”