ಮಹಡಿಯ ನೆರಳು

ಪುಷ್ಯದ ಚಳಿ. ಪಿಳ್ಳಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದರೂ ಅವಳ ಕಣ್ಣು ಪದೇ ಪದೇ ಮನೆಯ ಕಡೆಗೇ ಓಡುತ್ತಿತ್ತು. ವಾರದಿಂದ ಕವಿದಿದ್ದ ಮೋಡ ಅರೆಗಳಿಗೆ ಸರಿದು, ಅವಳ ಹೊಸ ಮಹಡಿಯ ನೆರಳು ಪಕ್ಕದ ನಂಜಕ್ಕನ ಸೋಲಾರ್ ಪ್ಯಾನೆಲ್ಲುಗಳನ್ನು ಪೂರ್ತಿ ಮುಚ್ಚಿತು. ಆಮೇಲೆ ಮತ್ತೆ ಮೋಡ.

ಹೊಸ ಮನೆಗಳಿಗೆ ಕಂಬದಿಂದ ಕರೆಂಟು ಕೊಡುವುದು ನಿಂತು, ತಾರಸಿಗೆ ಪ್ಯಾನೆಲ್ಲು, ಒಳಗೆ ಬ್ಯಾಟರಿ ಕಡ್ಡಾಯವಾದಂದಿನಿಂದ ಊರಿನ ಕಟ್ಟಳೆ ಇದು: ಯಾರ ಮನೆಯ ನೆರಳು ಪಕ್ಕದವರ ಪ್ಯಾನೆಲ್ಲಿನ ಮೇಲೆ ಬಿತ್ತೋ ಅವರು, ಬಿಸಿಲು ತಪ್ಪಿಸಿದಷ್ಟು ಕರೆಂಟನ್ನು ಸಂಜೆ ಬ್ಯಾಟರಿ ಪೆಟ್ಟಿಗೆಯಲ್ಲಿ ತುಂಬಿ ಕೊಟ್ಟು ಬರಬೇಕು.

“ಇವತ್ತು ಮೋಡ ಕಣೇ. ಯಾವ ನೆರಳು, ಯಾವ ಸಾಲ? ನಮ್ಮ ಹುಳಕ್ಕೇ ಕಾವು ಸಾಕಾಗಲ್ಲ,” ಎಂದ ಸಂಜೆ ಮನೆಯಲ್ಲಿ ಗಂಡ ಚಿಕ್ಕಮುನಿಯ.

ಎರಡೂ ಮನೆಯಲ್ಲಿ ರೇಷ್ಮೆಹುಳು ಇದ್ದವು. ಕಾವು ತಪ್ಪಿದರೆ ಹುಳು ಮೇವು ಬಿಡುತ್ತದೆ. ಪಿಳ್ಳಮ್ಮ ಒಳಗೂ ಹೊರಗೂ ತಿರುಗಿದಳು, ಹುಳುವಿನ ತಟ್ಟೆ ಮುಟ್ಟಿ ನೋಡಿದಳು, ಕೊನೆಗೆ ತುಂಬಿದ ಪೆಟ್ಟಿಗೆ ಸೊಂಟಕ್ಕೇರಿಸಿ ನಂಜಕ್ಕನ ಮನೆಗೆ ಹೊರಟಳು.

ನಂಜಕ್ಕ ಮಬ್ಬಿನಲ್ಲಿ ಹುಳುವಿನ ತಟ್ಟೆಗಳಿಗೆ ಕಂಬಳಿ ಹೊದಿಸುತ್ತಿದ್ದಳು. “ಸೂರ್ಯನೇ ಕಾಣ್ಲಿಲ್ಲ, ನಿನ್ನ ನೆರಳು ಎಲ್ಲಿಂದ ಬಂತೇ?”

“ನೀನು ಒಳಗಿದ್ದೆ ಅಕ್ಕ. ಒಂದು ಗಳಿಗೆ ಬಿಸಿಲು ಬಂತು. ಅದನ್ನೂ ನಮ್ಮ ಮಹಡಿ ನುಂಗ್ಬಿಡ್ತು.”

ಪಿಳ್ಳಮ್ಮ ಪೆಟ್ಟಿಗೆಗೆ ತಂತಿ ಸಿಕ್ಕಿಸುತ್ತಲೇ ಹೀಟರು ಕೆಂಪಗಾಯಿತು. ನಂಜಕ್ಕ ಅದರ ಮುಂದೆ ಅಂಗೈ ಹಿಡಿದಳು. “ಹುಚ್ಚಿ, ಹೇಳ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ.”

ಮನೆಯಲ್ಲಿ ಚಿಕ್ಕಮುನಿಯ ಉಳಿದ ಕರೆಂಟನ್ನೆಲ್ಲ ಹುಳುವಿಗೆ ಬಿಟ್ಟು, ದೀಪ ಆರಿಸಿ, ಕತ್ತಲಲ್ಲೇ ಮುದ್ದೆ ಮುರಿಯುತ್ತಿದ್ದ. “ತೀರ್ತಾ ಸಾಲ?”

“ಇವತ್ತಿಂದು ತೀರ್ತು.” ಪಿಳ್ಳಮ್ಮ ಬಾಗಿಲಲ್ಲೇ ನಿಂತು ಮೋಡ ಕವಿದ ಆಕಾಶ ನೋಡಿದಳು. “ನಾಳೆ ದಿನವೆಲ್ಲ ಸಾಲ ಆಗ್ಲಿ ಅಂತ ಬೇಡ್ಕೋ.”