ಹೆಡ್‌ಫೋನಿಗೆ ಹೋದ ಉತ್ತರ

ಸತ್ತವರು ಹವ್ಯಾಸಿಗಳ ಹ್ಯಾಮ್ ರೇಡಿಯೋದಲ್ಲಿ ಸಿಗುತ್ತಿದ್ದುದು ತಿಥಿಯ ದಿನ ಮಾತ್ರ, ಅದೂ ಒಂದು ಪ್ರಶ್ನೆ ಕೇಳುವಷ್ಟು ಹೊತ್ತು. ಆ ದಿನ ಕುಮುದಾಳ ತಾಯಿಯ ತಿಥಿ. ರೇಡಿಯೋ ನಡೆಸುವ ಲೈಸೆನ್ಸ್ ಇದ್ದದ್ದು ಗಂಡ ಚಂದ್ರಚೂಡನಿಗೆ.

ವಡೆಯ ಬಾಣಲೆ ಇಳಿಸಿ ಕುಮುದಾ ಬಂದಾಗ, ರೇಡಿಯೋದ ಸದ್ದನ್ನು ಕಂಪ್ಯೂಟರಿನಲ್ಲಿ ಸ್ಪೀಕರಿಗೆ ಹರಿಸುವುದೋ ಹೆಡ್‌ಫೋನಿಗೋ ಎಂದು ಅವನು ಇನ್ನೂ ತಿಣುಕುತ್ತಿದ್ದ.

"ರೀ, ಅಮ್ಮ ಕಾಯ್ತಿರ್ತಾಳೆ."

"ಮೊದಲು ಸಿಗ್ನಲ್ ರಿಪೋರ್ಟ್ ಕೊಡಬೇಕು ಕಣೇ, ಅವರ ದನಿ ಹೇಗೆ ಕೇಳ್ತಿದೆ ಅಂತ. ಅದು ಪದ್ಧತಿ."

ಅತ್ತೆಗೆ ತನ್ನ ಆಂಟೆನಾದ ಎತ್ತರವನ್ನೂ ವಿವರಿಸಿದ ಮೇಲೆ ಅವನು ಹೆಂಡತಿಗೆ ಮೈಕು ಕೊಟ್ಟ.

"ಅಮ್ಮಾ, ಕೊನೆಗಳಿಗೆಗೆ ನಾನು ಬರಲಿಲ್ಲ ಅಂತ ಸಿಟ್ಟಿದೆಯಾ?"

ಸ್ಪೀಕರ್ ಸುಮ್ಮನಿತ್ತು. ತಾಯಿಯ ಉತ್ತರ ಗಂಡನ ಹೆಡ್‌ಫೋನಿಗೆ ಮಾತ್ರ ಹೋಗುತ್ತಿತ್ತು. ಅವನು ತಲೆದೂಗುತ್ತ ಪರದೆಯ ಮೇಲೆ ದನಿಗೆ ತಕ್ಕಂತೆ ಕುಣಿಯುವ ಹಸಿರು ಗೆರೆಗಳನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಗೆರೆಗಳು ತಣ್ಣಗಾದವು. ಈ ವರ್ಷದ ಸಮಯ ಮುಗಿದಿತ್ತು.

"ಏನಂದಳು?"

"ಮಾತಿನ ಕಡೆ ಗಮನ ಹೋಗಲಿಲ್ಲ. ಆದರೆ ದನಿ ಎಷ್ಟು ಸ್ವಚ್ಛವಾಗಿತ್ತು ಅಂತೀಯ, ಒಂದು ಚೂರೂ ಗೊರಗೊರ ಇಲ್ಲ."

"ನಗ್ತಿದ್ದಳಾ, ಅಳ್ತಿದ್ದಳಾ, ಅಷ್ಟಾದರೂ ಹೇಳಿ."

ಚಂದ್ರಚೂಡ ಪ್ರಾಮಾಣಿಕವಾಗಿಯೇ ಯೋಚಿಸಿದ.

"ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತೆ ಕಣೇ."